ಹಸುಗೂಸಿನ ರಕ್ತದ ಹನಿ ಯಾರ ಸೊತ್ತು?



ವಾರೆನ್ನಿನಲ್ಲಾಗಲಿ, ಡೆಟ್ರಾಯಿಟಿನ ಸುತ್ತಲಿನ ಬೇರಾವ ಊರಿನಲ್ಲಾಗಲಿ, ನಮ್ಮವರ ಮನೆಗೆ ಕೂಸೊಂದು ಬಂದರೆ ಮರುದಿನವೇ ದಾದಿಯರು ಅದರ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಇಳಿಸಿಕೊಳ್ಳುತ್ತಾರೆ. ಮಿಷಿಗನ್ ರಾಜ್ಯದಲ್ಲಿ 1965ರಿಂದ ನಡೆದುಬಂದಿರುವ ಈ ತಪಾಸಣೆಯು ಇಂದು ಐವತ್ತಕ್ಕೂ ಹೆಚ್ಚು ರೋಗಗಳನ್ನು ಹುಡುಕುತ್ತದೆ. ಲಕ್ಷಣ ತೋರುವ ಮುನ್ನವೇ ರೋಗವನ್ನು ಗುರುತಿಸಿ ಎಷ್ಟೋ ಕಂದಮ್ಮಗಳನ್ನು ಅದು ಉಳಿಸಿದೆ. ಅದರ ಬಗೆಗೆ ನಮಗೆ ತಕರಾರಿಲ್ಲ, ಕೃತಜ್ಞತೆಯೇ ಇದೆ.

ನಮ್ಮ ಪ್ರಶ್ನೆ ತಪಾಸಣೆ ಮುಗಿದ ಅನಂತರದ್ದು. ಉಳಿದ ರಕ್ತದ ಕಲೆಗಳನ್ನು ಸರ್ಕಾರವು ಎಸೆಯುವುದಿಲ್ಲ; ನೂರು ವರ್ಷಗಳವರೆಗೂ ಕಾದಿರಿಸಬಲ್ಲದು. ಅವನ್ನು ಸಂಶೋಧನೆಗೆ ಬಳಸಲು ತಂದೆತಾಯಿಯರ ಲಿಖಿತ ಒಪ್ಪಿಗೆ ಕೇಳುವ ಪದ್ಧತಿ ಬಂದದ್ದು 2010ರಲ್ಲಿ. ಈ ದಾಸ್ತಾನನ್ನು ಪ್ರಶ್ನಿಸಿ ಕೆಲವು ತಂದೆತಾಯಿಯರು 2018ರಲ್ಲಿ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದರು. 2022ರ ಭಾಗಶಃ ರಾಜಿಯಂತೆ ರಾಜ್ಯವು ಮೂವತ್ತು ಲಕ್ಷಕ್ಕೂ ಮಿಕ್ಕ ಕಲೆಗಳನ್ನು ನಾಶಪಡಿಸಲು ಒಪ್ಪಿತು. 2023ರಲ್ಲಿ ಫೆಡರಲ್ ನ್ಯಾಯಾಧೀಶರು ಒಪ್ಪಿಗೆಯಿಲ್ಲದ ದಾಸ್ತಾನು ಸಂವಿಧಾನಕ್ಕೆ ವಿರುದ್ಧವೆಂದರು. 2025ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು.

ಸರ್ಕಾರ ಗೆದ್ದ ಮಾತ್ರಕ್ಕೆ ಪ್ರಶ್ನೆ ಬಗೆಹರಿಯಿತೆಂದು ನಾವು ತಿಳಿಯುವುದಿಲ್ಲ. ಆರೈಕೆಗೆಂದು ಕೊಟ್ಟದ್ದು ಆರೈಕೆಗೇ ಸಲ್ಲಬೇಕು. ಆ ಹನಿಯಲ್ಲಿರುವುದು ಕೂಸಿನ ಗುಟ್ಟಷ್ಟೇ ಅಲ್ಲ. ಬಾಣಂತನಕ್ಕೆಂದು ಮೈಸೂರಿನಿಂದಲೋ ಧಾರವಾಡದಿಂದಲೋ ಬಂದ ಅಜ್ಜಿಯ ವಂಶವಾಹಿಯೂ ಅದರಲ್ಲಿದೆ. ಹೆರಿಗೆಯ ಬಳಲಿಕೆಯಲ್ಲಿ, ಹತ್ತಾರು ಕಾಗದಗಳ ನಡುವೆ ಹಾಕಿದ ರುಜುವನ್ನು ತಿಳಿದು ಕೊಟ್ಟ ಸಮ್ಮತಿ ಎನ್ನಲಾದೀತೆ?

ಸಂಶೋಧನೆಗೆ ಇಂತಹ ಭಂಡಾರ ಅಗತ್ಯವೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿಡಿಸಿ ಹೇಳಿ ಕೇಳಿದರೆ ಅನೇಕರು ಮನಸಾರೆ ಕೊಟ್ಟಾರು. ಕೇಳಿ ಪಡೆದದ್ದು ದಾನ. ಕೇಳದೆ ಇಟ್ಟುಕೊಂಡದ್ದಕ್ಕೆ ಆ ಹೆಸರು ಸಲ್ಲದು.

ಖಾಸಗಿತನವೆಂಬುದು ನಮಗೆ ಎರವಲು ವಿಚಾರವೂ ಅಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು, ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಆದುದರಿಂದ ನಮ್ಮ ಅಭಿಮತವಿಷ್ಟು. ತಪಾಸಣೆಯನ್ನು ಯಾರೂ ತಪ್ಪಿಸದಿರಲಿ. ಉಳಿದ ರಕ್ತದ ವಿಚಾರವನ್ನು ಹೆರಿಗೆಗೆ ಮೊದಲೇ, ಮನೆಮಂದಿ ನೆಮ್ಮದಿಯಿಂದ ಕುಳಿತಿರುವಾಗ, ವೈದ್ಯರು ತಿಳಿಸಿಹೇಳಲಿ. ಸ್ಪಷ್ಟ ಒಪ್ಪಿಗೆಯಿಲ್ಲದೆ ಸರ್ಕಾರ ಅದನ್ನು ಇಟ್ಟುಕೊಳ್ಳಬಾರದೆಂಬ ಮಿತಿಯನ್ನು ಶಾಸಕರು ಕಾನೂನಿನಲ್ಲಿಯೇ ಬರೆಯಲಿ. ಬೇಡವೆನಿಸಿದವರು ಕಲೆಗಳನ್ನು ನಾಶಪಡಿಸುವಂತೆ ರಾಜ್ಯದ ಆರೋಗ್ಯ ಇಲಾಖೆಗೆ ಬರೆದು ಕೇಳಲು ಈಗಲೂ ಅವಕಾಶವಿದೆ. ಇಡುವುದೋ ಬಿಡುವುದೋ ಅವರವರ ಇಚ್ಛೆ. ತೊಟ್ಟಿಲು ಕಟ್ಟುವ ಮನೆಗಳಲ್ಲಿ ಈ ಮಾತೊಂದು ಮೊದಲೇ ಆಗಿರಲಿ ಎಂಬುದಷ್ಟೇ ನಮ್ಮ ಬಿನ್ನಹ.