ಹೆನ್ರಿಗೆ ಓದೋಕೆ ಬರಲ್ಲ: ಒಂದು ಗೇಮು, ಎರಡು ಭಾಗ, ನಮ್ಮ ಕಂಬಂ ಕಣಿವೆ

ಪೊಂಗಲ್ ರಜೆಗೆ ಕಂಬಂಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಪ್ಲಸ್ ಟೂ ಓದ್ತಿದ್ದಾನೆ. ಕಂಪ್ಯೂಟರ್ ಮುಂದೆ ಕೂತವನು ಕೂಗಿದ: "ಅಣ್ಣಾ, ಗೇಮ್ ಕೆಟ್ಟೋಗಿದೆ ನೋಡು. ಪುಸ್ತಕ ತೆಗೆದ್ರೆ ಅಕ್ಷರ ಎಲ್ಲಾ ಕಲಸಿಕೊಂಡು ಬರ್ತಿದೆ."

ಗೇಮ್ ಕೆಟ್ಟಿರಲಿಲ್ಲ. ಅದು 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್', 2018ರ ಫೆಬ್ರವರಿಯಲ್ಲಿ ಬಂದ ಮೊದಲ ಭಾಗ. ಕಥೆ 1403ರ ಬೊಹೀಮಿಯಾದ್ದು, ಅಂದ್ರೆ ಇವತ್ತಿನ ಚೆಕ್ ದೇಶದ್ದು. ನಾಯಕ ಹೆನ್ರಿ ಕಮ್ಮಾರನ ಮಗ. ಅವನಿಗೆ ಓದು ಬರಲ್ಲ. ಅವನ ಕಣ್ಣಿಗೆ ಪುಸ್ತಕ ಹೇಗೆ ಕಾಣುತ್ತೋ ನಮಗೂ ಹಾಗೇ ತೋರಿಸ್ತಾರೆ. ಊಝಿಟ್ಸ್ ಅನ್ನೋ ಹಳ್ಳಿಗೆ ಹೋಗಿ, ಅಲ್ಲಿನ ಬರಹಗಾರನಿಗೆ ದುಡ್ಡು ಕೊಟ್ಟು ಪಾಠ ಹೇಳಿಸಿಕೋಬೇಕು. ಆಮೇಲೆ ನಿಧಾನಕ್ಕೆ ಅಕ್ಷರಗಳು ತಮ್ಮ ಜಾಗಕ್ಕೆ ಬಂದು ಕೂರ್ತಾವೆ.

ತಮ್ಮನಿಗೆ ಹೇಳಿದೆ: "ನಾನು ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಬಸ್ಸಿನ ಬೋರ್ಡು ನನಗೂ ಹಿಂಗೇ ಕಾಣ್ತಿತ್ತು ಕಣೋ." ನಗ್ತಿದ್ದವನು ಸುಮ್ಮನಾದ. ಯಾಕಂದ್ರೆ ಅವನಿಗೆ ಈಗಲೂ ಹಿಂಗೇ ಕಾಣುತ್ತೆ.

ಎರಡನೇ ಭಾಗ 2025ರ ಫೆಬ್ರವರಿ 4ಕ್ಕೆ ಬಂತು. ಒಂದೇ ದಿನದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟ ಆಯ್ತು. ಎರಡನ್ನೂ ಪೂರ್ತಿ ಆಡಿದೀನಿ. ಯಾವುದು ಮೇಲು ಅಂತ ಕೇಳಿದ್ರೆ, ಆಟದ ಲೆಕ್ಕದಲ್ಲಿ ಎರಡನೇದೇ. ಮೊದಲನೇದು ಬಂದಾಗ ತಪ್ಪುಗಳೇ ತುಂಬಿದ್ವು. ಕತ್ತಿ ಬೀಸೋಕೆ ಐದು ದಿಕ್ಕು ಇತ್ತು, ಕಲಿಯೋಷ್ಟರಲ್ಲಿ ಕೈ ನೋವು. ಈಗ ನಾಲ್ಕೇ ದಿಕ್ಕು, ಹೊಡೆದಾಟ ಸಲೀಸು. ಬೀಗ ತೆಗೆಯೋ ಆಟ ಮೊದಲ ಭಾಗದಲ್ಲಿ ದಿಂಡುಕ್ಕಲ್ ಬೀಗಕ್ಕಿಂತ ಗಟ್ಟಿ ಇತ್ತು, ಈಗ ಸ್ವಲ್ಪ ಕನಿಕರ ತೋರಿಸಿದ್ದಾರೆ. ಕುಟ್ಟೆನ್‌ಬರ್ಗ್ ಅನ್ನೋ ಬೆಳ್ಳಿ ಗಣಿಯ ದೊಡ್ಡ ಪಟ್ಟಣವನ್ನೇ ಕಟ್ಟಿದ್ದಾರೆ. ಅದರ ಇವತ್ತಿನ ಹೆಸರು ಕುಟ್ನಾ ಹೋರಾ. ಎಲ್ಲಕ್ಕಿಂತ ಮುಖ್ಯ, ಕಮ್ಮಾರನ ಮಗ ಮೊದಲ ಭಾಗದಲ್ಲಿ ಕತ್ತಿಯನ್ನ ಸಾಣೆ ಹಿಡೀತಿದ್ದ, ಅಷ್ಟೇ. ಎರಡನೇದ್ರಲ್ಲಿ ಕುಲುಮೆ ಮುಂದೆ ನಿಂತು, ಕಬ್ಬಿಣ ಕಾಯಿಸಿ, ತಾನೇ ಕತ್ತಿ ಮಾಡ್ತಾನೆ. ಅಪ್ಪನ ಕಸುಬು ಮಗನ ಕೈಗೆ ಬಂತು.

ಇನ್ನೊಂದು ವ್ಯತ್ಯಾಸದ ಬಗ್ಗೆ ನಮ್ಮ ಕಡೆ ಯಾರೂ ಮಾತಾಡ್ತಿಲ್ಲ. ಈ ಗೇಮ್ ಮಾಡಿದ ವಾರ್‌ಹಾರ್ಸ್ ಸ್ಟುಡಿಯೋಸ್ ಇರೋದು ಪ್ರಾಗ್‌ನಲ್ಲಿ. ಕಥೆ ಅವರ ನೆಲದ್ದು, ರಾಜ ಅವರವನು, ಹಳ್ಳಿಗಳು ಅವರವು. ಆದ್ರೆ ಮೊದಲ ಭಾಗ ಬಿಡುಗಡೆ ಆದಾಗ ಹೆನ್ರಿ ಇಂಗ್ಲಿಷ್, ಜರ್ಮನ್, ಫ್ರೆಂಚ್ ಮಾತಾಡ್ತಿದ್ದ, ಚೆಕ್ ಮಾತಾಡ್ತಿರಲಿಲ್ಲ! ಚೆಕ್ ಜನಕ್ಕೆ ಪರದೆ ಮೇಲಿನ ಬರಹ ಮಾತ್ರ ತಮ್ಮ ಭಾಷೇಲಿ. ಏಳು ವರ್ಷದ ನಂತರ ಎರಡನೇ ಭಾಗದಲ್ಲಿ ಪೂರ್ತಿ ಚೆಕ್ ದನಿ ಬಂತು. ಹೆನ್ರಿ ಅಲ್ಲಿ ಯಿಂದ್ರಿಖ್ ಆದ. ಚೆಕ್ ಆಡೋರು ಸುಮಾರು ಒಂದು ಕೋಟಿ ಜನ. ಕನ್ನಡ ತಾಯ್ನುಡಿ ಅಂತ 2011ರ ಜನಗಣತಿಯಲ್ಲಿ ಬರೆಸಿದವರು 4 ಕೋಟಿಗೂ ಹೆಚ್ಚು. ತಮಿಳುನಾಡಿನಲ್ಲೇ 12 ಲಕ್ಷ ದಾಟುತ್ತೆ. ಹಾಗಾಗಿ "ಸಣ್ಣ ಭಾಷೆ, ಯಾರು ಮಾಡ್ತಾರೆ" ಅನ್ನೋ ಮಾತು ನನ್ನ ಹತ್ರ ಬೇಡ.

ಆದ್ರೆ ಅವರ ಕಥೆಗೂ ನಮ್ಮ ಕಥೆಗೂ ಒಂದು ತಿರುವುಮುರುವು ಇದೆ. ಚೆಕ್ ಜನಕ್ಕೆ ಮೊದಲು ಅಕ್ಷರ ಸಿಕ್ತು, ಆಮೇಲೆ ದನಿ. ಕಂಬಂ, ಬೋಡಿ, ತೇನಿ, ದಿಂಡುಕ್ಕಲ್ ಕಡೆಯ ನಮ್ಮಂಥ ಮನೆಗಳಲ್ಲಿ ದನಿ ಇದೆ, ಅಕ್ಷರ ಇಲ್ಲ. ನಮ್ಮಜ್ಜಿ ದ್ರಾಕ್ಷಿ ತೋಟದಲ್ಲಿ ಕೂಗಿ ಕರೆಯೋದು ಕನ್ನಡದಲ್ಲಿ, ಬೈಯೋದು ಕನ್ನಡದಲ್ಲಿ, ಅಳೋದೂ ಕನ್ನಡದಲ್ಲೇ. ಮದುವೆ ಕಾಗದ ಮಾತ್ರ ತಮಿಳಲ್ಲಿ. ನಾನು ಓದಿದ ಶಾಲೇಲಿ ಕನ್ನಡ ಇರಲಿಲ್ಲ, ತಮ್ಮನ ಶಾಲೇಲೂ ಇಲ್ಲ. ತಮಿಳಿನ ಮೇಲೆ ನನಗೆ ದೂರಿಲ್ಲ. ಅದು ನಮಗೆ ಅನ್ನ ಕೊಟ್ಟ ಭಾಷೆ, ಗೆಳೆಯರ ಭಾಷೆ. ಆದ್ರೆ ಅಜ್ಜಿ ಹೋದ ಮೇಲೆ ಅವಳ ಮಾತನ್ನ ಯಾವ ಅಕ್ಷರದಲ್ಲಿ ಬರೆದಿಡೋದು? ಬರೀ ಬಾಯಲ್ಲಿರೋ ಭಾಷೆ ಒಂದು ತಲೆಮಾರು ಬಾಯಿ ಮುಚ್ಚಿದ್ರೆ ಮುಗೀತು.

ಅದಕ್ಕೇ ಒಂದು ವಿಷಯದಲ್ಲಿ ನಾನು ಮೊದಲ ಭಾಗದ ಕಡೆ. ಎರಡನೇ ಭಾಗದ ಹೆನ್ರಿಗೆ ಓದು ಮೊದಲೇ ಬರುತ್ತೆ. ಕಥೆ ಮುಂದುವರಿದಿದೆ, ಅವನು ಕಲಿತಾಗಿದೆ, ತಪ್ಪೇನಿಲ್ಲ. ಆದ್ರೆ ನೇರವಾಗಿ ಎರಡನೇದನ್ನ ಆಡೋ ಹುಡುಗನಿಗೆ ಓದು ಪುಕ್ಕಟೆ ಸಿಕ್ಕಿಬಿಡುತ್ತೆ. ಮೊದಲನೇದ್ರಲ್ಲಿ ಓದೋಕೆ ಬರದಿದ್ರೆ ಎಷ್ಟು ಕಷ್ಟ, ಕಲಿತ ದಿನ ಎಷ್ಟು ಖುಷಿ ಅಂತ ಗೊತ್ತಾಗುತ್ತೆ. ನಾನು ಆಡಿರೋ ಬೇರೆ ಯಾವ ಗೇಮೂ ಅದನ್ನ ನನಗೆ ಕೊಟ್ಟಿಲ್ಲ.

ನಾವು ಎಲ್ಲಾ ಕಡೆ "ಕನ್ನಡ ಡಬ್ಬಿಂಗ್ ಬೇಕು" ಅಂತ ಬರೀತೀವಿ. ಬೇಕೇ ಬೇಕು, ಬಿಡೋ ಮಾತಿಲ್ಲ. ಆದ್ರೆ ಅದು ಎರಡನೇ ಭಾಗ. ನಮ್ಮ ಕಣಿವೆಯ ಮಕ್ಕಳಿಗೆ ಮೊದಲ ಭಾಗವೇ ಇನ್ನೂ ಶುರು ಆಗಿಲ್ಲ.

ತಾಳವಾಡಿ, ಹೊಸೂರು, ಕಾಸರಗೋಡು ಕಡೆಯ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನ ಕನ್ನಡ ಶಾಲೇಲಿ ಕಲಿತವರು. ಆ ಊಝಿಟ್ಸ್ ಬರಹಗಾರನ ಕೆಲಸ ನೀವು ಮಾಡಬಹುದು. ವಾರಕ್ಕೆ ಒಂದು ಗಂಟೆ, ಫೋನಲ್ಲೇ, ನಮ್ಮ ಕಡೆಯ ಒಬ್ಬ ಹುಡುಗನಿಗೋ ಹುಡುಗಿಗೋ ಅಕ್ಷರ ಹೇಳಿಕೊಡಿ. ಮಾತು ಅವರಿಗೆ ಬರುತ್ತೆ, ಹಾಗಾಗಿ ಬೇಗ ಕಲೀತಾರೆ.

ತಮ್ಮನಿಗೆ ಆ ರಾತ್ರಿ ಹೆನ್ರಿ ಜೊತೆ ಪಾಠ ಶುರು ಆಯ್ತು. ಹೆನ್ರಿ ಅವನಿಗಿಂತ ಮೊದಲು ಮುಗಿಸಿದ. ಆದ್ರೆ ನಾನು ಹೊರಡೋ ದಿನ ತಮ್ಮ ಒಂದು ಚೀಟಿ ಕೈಗಿಟ್ಟ. ಅದರಲ್ಲಿ ಅಜ್ಜಿ ಹೆಸರು ಕನ್ನಡದಲ್ಲಿತ್ತು. ಒತ್ತಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ, ಹಾಗೇ ಇಟ್ಟುಕೊಂಡಿದೀನಿ.