ಮುಗಿದ ಕಥೆಯ ಮುಂದೆ
ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿ ಶುರುವಾದದ್ದು 1966ರಲ್ಲಿ. ಮರುವರ್ಷವೇ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ ಹೊರಡಿಸಿದರು. 1969ರಲ್ಲಿ ಧಾರಾವಾಹಿ ನಿಂತರೂ ಇಂಥ ಪತ್ರಿಕೆಗಳಲ್ಲಿ ಫ್ಯಾನ್ ಫಿಕ್ಷನ್, ಅಂದರೆ ಅದೇ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ, ನಿಲ್ಲಲಿಲ್ಲ. ಬರೆದವರಲ್ಲಿ ಹೆಂಗಸರೇ ಹೆಚ್ಚು. ದುಡ್ಡಿಲ್ಲ, ಪಾತ್ರವೂ ತಮ್ಮದಲ್ಲ, ಆದರೂ ಯಾಕೆ ಬರೆದರು? ಧಾರಾವಾಹಿಯ ಸ್ಪಾಕ್ ಎಂಬ ಪಾತ್ರವನ್ನೇ ನೋಡಿ: ಅವನ ತಾಯಿ ಭೂಮಿಯವಳು, ತಂದೆ ವಲ್ಕನ್ ಗ್ರಹದವನು. ಭಾವನೆಗಳನ್ನು ಅದುಮಿಟ್ಟುಕೊಂಡೇ ಬದುಕುವವನು ಅವನು. ಒಳಗೆ ಏನು ಕುದಿಯುತ್ತಿದೆ ಎಂಬುದನ್ನು ಧಾರಾವಾಹಿ ಅಪರೂಪಕ್ಕಷ್ಟೇ ತೋರಿಸಿತು. ಬರೆಯುವವರಿಗೆ ಆ ತೆರಪು ಸಾಕಾಯಿತು. ಪಾತ್ರವನ್ನು ಪರಿಚಯಿಸುವ ಕೆಲಸವಿಲ್ಲ, ಅವನು ಹುಬ್ಬೇರಿಸುವ ರೀತಿಯೂ ಓದುಗರಿಗೆ ಗೊತ್ತು. ಮೊದಲ ಸಾಲಿನಿಂದಲೇ ಅವನ ಮನಸ್ಸಿಗೆ ಇಳಿಯಬಹುದು. ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಕೇಳಿದವರಿಗೆ ಈ ಸುಖ ಹೊಸದಲ್ಲ: ಕಥೆ ಎಲ್ಲರಿಗೂ ತಿಳಿದದ್ದೇ, ಇವತ್ತು ಕರ್ಣ ಏನು ಹೇಳುತ್ತಾನೆ ಎಂಬುದಷ್ಟೇ ಕುತೂಹಲ. ಇದು ಎರವಲು ಬರವಣಿಗೆ ಎಂದು ಹಗುರ ಮಾಡುವುದನ್ನು ನಾನು ಒಪ್ಪಲಾರೆ. ಪ್ರೀತಿಸಿದ ಪಾತ್ರದ ಜೊತೆ ಇನ್ನಷ್ಟು ದಿನ ಇರಬೇಕೆಂಬ ಆಸೆ, ಅದೇ ಪ್ರೀತಿಯುಳ್ಳ ಯಾರೋ ಓದುತ್ತಾರೆಂಬ ಭರವಸೆ, ಬರೆಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಕಥೆ ಕಟ್ಟುವುದನ್ನು ಹೀಗೆ ಕಲಿತವರೂ ಇದ್ದಾರೆ. ಮುಂದೆ ವಿಜ್ಞಾನ ಕಥೆಗಳ ಹ್ಯೂಗೋ ಪ್ರಶಸ್ತಿಯನ್ನು ಹಲವು ಬಾರಿ ಪಡೆದ ಲೇಖಕಿ ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಹರೆಯದಲ್ಲಿ ಬರೆದದ್ದು ಸ್ಟಾರ್ ಟ್ರೆಕ್ ಕಥೆಗಳನ್ನೇ.