ವಾರಕ್ಕೊಂದು ಜಾತ್ರೆ, ದಾರಿ ಮಾತ್ರ ಒಂದೇ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆಯುತ್ತದೆ. ಬಲಿಪಾಡ್ಯಮಿ ಕಳೆದೊಡನೆ ಮುಚ್ಚುತ್ತದೆ. ಆ ಕೆಲವು ದಿನಗಳಿಗಾಗಿ ಜಿಲ್ಲಾಡಳಿತವು ಬಹಳ ಮೊದಲೇ ಸಭೆ ಸೇರುತ್ತದೆ. ಸರತಿ ಸಾಲಿಗೆ ತಡೆಬೇಲಿ, ವಾಹನಗಳಿಗೆ ನಿಲುಗಡೆ, ಹೆಚ್ಚುವರಿ ಬಸ್ಸು, ಕುಡಿಯುವ ನೀರು, ಪೊಲೀಸರ ಪಾಳಿ, ಎಲ್ಲಕ್ಕೂ ಲೆಕ್ಕವಿರುತ್ತದೆ. ಆದರೆ ನಮ್ಮ ಜಿಲ್ಲೆಯ ಎದೆಯ ಮೇಲೆ ವರ್ಷಕ್ಕೆ 52 ಬಾರಿ ಹಾದುಹೋಗುವ ಇನ್ನೊಂದು ಜಾತ್ರೆಯಿದೆ. ಶನಿವಾರ ಮುಂಜಾನೆ ಅದು ಬೆಂಗಳೂರಿನಿಂದ ಮಲೆನಾಡಿನತ್ತ ಹೊರಡುತ್ತದೆ. ಭಾನುವಾರ ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಅದರ ದಿನವೂ ಗೊತ್ತು, ಗಳಿಗೆಯೂ ಗೊತ್ತು. ಆದರೂ ಅದಕ್ಕೊಂದು ಯೋಜನೆಯಿಲ್ಲ. ಈ ವಾರಾಂತ್ಯದ ದಟ್ಟಣೆಯು ರಸ್ತೆಯ ಅಗಲದ ಸಮಸ್ಯೆಗಿಂತ ಹೆಚ್ಚಾಗಿ ವೇಳಾಪಟ್ಟಿಯ ಸಮಸ್ಯೆ ಎಂಬುದು ನನ್ನ ಅಭಿಪ್ರಾಯ.

ಹಿಂದೆ 48 ಎಂದು ಕರೆಸಿಕೊಳ್ಳುತ್ತಿದ್ದು ಈಗ 75 ಎಂಬ ಸಂಖ್ಯೆ ಹೊತ್ತಿರುವ ಹೆದ್ದಾರಿಯನ್ನೇ ನೋಡಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಶಾಂತಿಗ್ರಾಮಗಳನ್ನು ಹಾಯ್ದು ಹಾಸನದವರೆಗೆ ಅದು ಚತುಷ್ಪಥ. ಮುಂದೆ ಮಾರನಹಳ್ಳಿಯಿಂದ ಗುಂಡ್ಯದ ಕಡೆಗೆ ಇಳಿಯುವ ಶಿರಾಡಿ ಘಾಟಿಯಲ್ಲಿ ಅದು ಇಕ್ಕಟ್ಟಾದ ಎರಡು ಸಾಲು. ಲಾಳಿಕೆಯ ಬಾಯಿಯನ್ನು ದೊಡ್ಡದು ಮಾಡಿದರೆ ಕೊಳವೆಯಲ್ಲಿ ನೀರು ಹೆಚ್ಚು ಇಳಿಯುವುದಿಲ್ಲ, ಮೇಲೆ ನಿಲ್ಲುತ್ತದೆಯಷ್ಟೆ. ಬೆಂಗಳೂರಿನ ಕಡೆಗೂ ಇಂಥದೇ ಒಂದು ಕೊರಳಿದೆ. ಹಾಸನದ ದಾರಿಯೂ ತುಮಕೂರಿನ ದಾರಿಯೂ ನೆಲಮಂಗಲದಲ್ಲಿ ಕೂಡುತ್ತವೆ. ಭಾನುವಾರ ರಾತ್ರಿ ಅಲ್ಲಿಂದ ಗೊರಗುಂಟೆಪಾಳ್ಯ ತಲುಪುವ ಕಷ್ಟವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಘಾಟಿಯಲ್ಲಿ ಗಂಟು ಬೀಳುವ ಬಗೆಯೂ ಸರಳವೇ. ಮಂಗಳೂರು ಬಂದರಿನಿಂದ ಭಾರ ಹೊತ್ತ ಲಾರಿ ಏರಿನಲ್ಲಿ ತೆವಳುತ್ತದೆ. ಅದರ ಹಿಂದೆ ಇಪ್ಪತ್ತು ಕಾರುಗಳು ಸೇರುತ್ತವೆ. ಅವುಗಳಲ್ಲಿ ತಾಳ್ಮೆಗೆಟ್ಟ ಒಂದು, ತಿರುವಿನಲ್ಲಿ ಬಲಕ್ಕೆ ನುಗ್ಗುತ್ತದೆ. ಎದುರಿನಿಂದ ಬಸ್ಸು ಬಂದರೆ ಎರಡೂ ನಿಲ್ಲುತ್ತವೆ. ಅವುಗಳ ಹಿಂದಿನವು ಹಿಂದಕ್ಕೆ ಸರಿಯಲಾರವು. ಒಬ್ಬನ ಆತುರಕ್ಕೆ ನೂರಾರು ಜನ ದಂಡ ತೆರುತ್ತಾರೆ.

ಬದಲಿ ದಾರಿ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಾಂಕ್ರೀಟು ಹಾಕಲೆಂದು 2015ರಲ್ಲಿಯೂ 2018ರಲ್ಲಿಯೂ ಶಿರಾಡಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದನ್ನು, 2018ರ ಆಗಸ್ಟಿನ ಮಳೆಗೆ ಶಿರಾಡಿ ಮತ್ತು ಸಂಪಾಜೆ ಎರಡೂ ಕುಸಿದದ್ದನ್ನು, 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಮತ್ತೆ ಗುಡ್ಡ ಜರಿದದ್ದನ್ನು ನೆನೆಯಿರಿ. ಒಂದು ಘಾಟಿ ಮುಚ್ಚಿದರೆ ಅದರ ಭಾರವೆಲ್ಲ ಇನ್ನೊಂದರ ಹೆಗಲಿಗೇರುತ್ತದೆ. ಬಯಲಿನಲ್ಲಿಯೂ ಹಾಗೆಯೇ. ಕೊಡಗಿಗೆ ಹೊರಟವರನ್ನು ಮೊಬೈಲಿನ ನಕ್ಷೆಯು ಚನ್ನರಾಯಪಟ್ಟಣದಿಂದಲೇ ಎಡಕ್ಕೆ ತಿರುಗಿಸಿ ಹೊಳೆನರಸೀಪುರ, ಅರಕಲಗೂಡು, ರಾಮನಾಥಪುರ, ಕೊಣನೂರುಗಳ ಮಾರ್ಗವಾಗಿ ಕುಶಾಲನಗರಕ್ಕೆ ಕಳುಹಿಸುತ್ತದೆ. ಅದು ತಂಬಾಕಿನ ಹೊರೆ, ಆಲೂಗಡ್ಡೆಯ ಮೂಟೆ, ದನಕರು, ಶಾಲೆಯ ಮಕ್ಕಳು ಓಡಾಡುವ ದಾರಿ. ನಕ್ಷೆಗೆ ಅದು ಬರಿಯ ಗೆರೆ. ನಮಗೆ ಅದು ಊರಿನ ಅಂಗಳ.

ಇದರ ಬೆಲೆ ತೆರುವವರು ಯಾರು? ವಾರದ ಏಳೂ ದಿನ ಆ ರಸ್ತೆಯನ್ನೇ ನಂಬಿರುವವರು. ಸಕಲೇಶಪುರದಿಂದ ಹಾಸನದ ದೊಡ್ಡಾಸ್ಪತ್ರೆಗೆ ಸುಮಾರು 40 ಕಿಲೋಮೀಟರು. ಸಾಲಿನ ನಡುವೆ ಸಿಕ್ಕ ಆಂಬುಲೆನ್ಸ್ ಹಾರಿಹೋಗಲಾರದು. ತೋಟದ ಕೆಲಸ ಮುಗಿಸಿ ಬಸ್ಸಿಗೆ ಕಾದ ಹೆಣ್ಣುಮಗಳಿಗೆ ಕತ್ತಲಾದ ಮೇಲೆ ಮನೆ. ಇನ್ನೊಂದು ನಷ್ಟವಿದೆ, ಅದನ್ನು ನನ್ನ ವಯಸ್ಸಿನವರು ಬಾಯಿಬಿಟ್ಟು ಹೇಳುವುದಿಲ್ಲ. ಶನಿವಾರ ಮಧ್ಯಾಹ್ನ ದಣಿದು ಬಂದ ಮಕ್ಕಳು ಭಾನುವಾರ ಊಟದ ಎಲೆಯ ಮುಂದೆಯೇ ಗಡಿಯಾರ ನೋಡುತ್ತಾರೆ. “ಟ್ರಾಫಿಕ್ ಆಗುವ ಮೊದಲು ಹೊರಡಬೇಕಪ್ಪ” ಎನ್ನುತ್ತಾರೆ. ಎರಡು ದಿನದ ಭೇಟಿ ಅರ್ಧ ದಿನಕ್ಕಿಳಿಯುತ್ತದೆ.

ನಮ್ಮ ಹಿರಿಯರಿಗೆ ಈ ಲೆಕ್ಕ ತಿಳಿದಿತ್ತು. ಅರಕಲಗೂಡಿನಿಂದ ಮುಂದೆ ಕೊಡಗಿನ ಅಂಚಿನಲ್ಲಿರುವ ಊರು ಶನಿವಾರಸಂತೆ, ಅದರಾಚೆಯದು ಸೋಮವಾರಪೇಟೆ. ಹೆಸರಿನಲ್ಲೇ ವಾರವಿದೆ. ಸುತ್ತಲಿನ ಊರುಗಳು ಸಂತೆಯ ದಿನಗಳನ್ನು ಹಂಚಿಕೊಂಡದ್ದರಿಂದ ಅದೇ ವ್ಯಾಪಾರಿ, ಅದೇ ಗಾಡಿ, ಅದೇ ದಾರಿ ಎಲ್ಲರಿಗೂ ಸಾಕಾಗುತ್ತಿತ್ತು. ಎಲ್ಲ ಊರುಗಳೂ ಒಂದೇ ದಿನ ಸಂತೆ ಹೂಡಿದ್ದರೆ ಒಂದಾದರೂ ಉಳಿಯುತ್ತಿತ್ತೇ?

ಇದೇ ವಿವೇಕವನ್ನು ಫ್ರಾನ್ಸ್ ದೇಶದವರು ಶಾಲೆಗಳಿಗೆ ಅನ್ವಯಿಸಿದ್ದಾರೆ. ಅಲ್ಲಿ ಚಳಿಗಾಲದ ರಜೆಯಲ್ಲಿ ಜನ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆಂದು ಆಲ್ಪ್ಸ್ ಪರ್ವತಕ್ಕೆ ಮುಗಿಬೀಳುತ್ತಾರೆ. ಆದುದರಿಂದ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ ಆ ರಜೆಯನ್ನು ಬೇರೆ ಬೇರೆ ವಾರಗಳಲ್ಲಿ ಆರಂಭಿಸುತ್ತಾರೆ. ಯಾವ ದಿನ ಯಾವ ದಿಕ್ಕಿಗೆ ಎಷ್ಟು ದಟ್ಟಣೆ ಎಂಬುದನ್ನು ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣಗಳಲ್ಲಿ ಮೊದಲೇ ಸಾರುವ ವ್ಯವಸ್ಥೆಯು ಅಲ್ಲಿ 1976ರಿಂದಲೂ ಇದೆ. ನಮ್ಮ ನಾಡಿನ ಸಮೀಪವೇ, ಊಟಿ ಮತ್ತು ಕೊಡೈಕೆನಾಲ್‌ಗಳಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ವಾಹನಗಳಿಗೆ ಇ-ಪಾಸ್ ಬಂದಿತು. ಮುಳ್ಳಯ್ಯನಗಿರಿಗೂ 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತವು ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿತು.

ಹೆದ್ದಾರಿಗೆ ಪಾಸ್ ಬೇಕೆಂದು ನಾನು ಹೇಳಲಾರೆ. ಅದು ಎಲ್ಲರ ದಾರಿ. ಆದರೆ ಹಾಸನ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಅಧಿಕಾರಿಗಳು ಕೂಡಿ ಬಣ್ಣದ ಪಂಚಾಂಗವೊಂದನ್ನು ಹೊರಡಿಸಬಹುದು. ಅದನ್ನು ಹಾಸನದ ಆಕಾಶವಾಣಿ ಓದಬಹುದು. ಕೆಂಪು ಬಣ್ಣದ ದಿನಗಳಲ್ಲಿ ಭಾರಿ ಲಾರಿಗಳಿಗೆ ಬೇರೆ ವೇಳೆ ಗೊತ್ತುಮಾಡಬಹುದು; ಆದರೆ ತಡೆದು ನಿಲ್ಲಿಸುವ ಜಾಗದಲ್ಲಿ ಚಾಲಕರಿಗೆ ನೆರಳು, ನೀರು, ಶೌಚಾಲಯ, ಊಟ ಇರಲೇಬೇಕು. ಮಂಜರಾಬಾದ್ ಕೋಟೆಯ ಕೆಳಗೆ ಹೆದ್ದಾರಿಯ ಅಂಚಿನಲ್ಲೇ ಕಾರು ನಿಲ್ಲಿಸುವುದನ್ನು ತಪ್ಪಿಸಬೇಕು. ರೈಲನ್ನೂ ಮರೆಯಬಾರದು. ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರು–ಹಾಸನ ರೈಲುದಾರಿ 2017ರಲ್ಲಿ ತೆರೆದಿದೆ. ಸಕಲೇಶಪುರದ ನಿಲ್ದಾಣದಿಂದ ತೋಟದ ಮನೆಗಳಿಗೆ ಹೊಂದಿಕೆಯಾಗಿ ಸಣ್ಣ ಬಸ್ಸುಗಳಿದ್ದರೆ ಎಷ್ಟೋ ಕಾರುಗಳು ಮನೆಯಲ್ಲೇ ಉಳಿದಾವು.

ಪ್ರವಾಸಿಗರಿಂದಲೇ ಎಷ್ಟೋ ಸಂಸಾರಗಳು ನಡೆಯುತ್ತಿವೆ, ಅವರನ್ನು ತಡೆಯಬೇಡಿ ಎಂಬ ಮಾತು ನ್ಯಾಯವಾದುದೇ. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಹೋಂಸ್ಟೇಗಳು ಅನೇಕ ಬೆಳೆಗಾರರ ಕೈಹಿಡಿದಿವೆ. ಆದರೆ ಎರಡು ದಿನ ತುಂಬಿ ಐದು ದಿನ ಖಾಲಿಯಿರುವ ಕೋಣೆ ಮಾಲೀಕನಿಗೂ ಹಿತವಲ್ಲ, ಅಲ್ಲಿ ದುಡಿಯುವವರಿಗೂ ಹಿತವಲ್ಲ. ವಾರದ ನಡುವೆ ಬಂದವರಿಗೆ ಬಾಡಿಗೆ ಇಳಿಸಿ, ಸೋಮವಾರ ಬೆಳಗಿನ ತಿಂಡಿಯವರೆಗೆ ಅತಿಥಿಯನ್ನು ಉಳಿಸಿಕೊಂಡರೆ ಇಬ್ಬರಿಗೂ ಲಾಭ. ಶಾಲೆಗಳೂ ಶೈಕ್ಷಣಿಕ ಪ್ರವಾಸವನ್ನು ಶನಿವಾರಕ್ಕೆ ಇಟ್ಟುಕೊಳ್ಳದಿರಲಿ. ಬೇಲೂರು, ಹಳೇಬೀಡುಗಳ ಶಿಲ್ಪಗಳು ಮಂಗಳವಾರವೂ ಅಲ್ಲೇ ಇರುತ್ತವೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕಚೇರಿಗಳಲ್ಲಿ ರಜೆ ಮಂಜೂರು ಮಾಡುವ ಸ್ಥಾನದಲ್ಲಿದ್ದೀರಿ. ಊರು ದೂರವಿರುವ ಸಹೋದ್ಯೋಗಿಯೊಬ್ಬರು ಸೋಮವಾರ ಮಧ್ಯಾಹ್ನ ಕೆಲಸಕ್ಕೆ ಬರುವೆನೆಂದರೆ ಸುಮ್ಮನೆ ಸಹಿ ಹಾಕಿರಿ. ನೀವೂ ಮುಂದಿನ ಬಾರಿ ಬರುವಾಗ ಅರ್ಧ ದಿನದ ರಜೆ ಬರೆದುಕೊಟ್ಟು ಬನ್ನಿ. ಭಾನುವಾರ ರಾತ್ರಿಯ ಊಟ ಮನೆಯಲ್ಲೇ ಆಗಲಿ.